ದೊಣೆಬೆಟ್ಟದ ಮೀನು

ಆ ಬೆಟ್ಟದ ಮೇಲೆ ಮೀನಿದೆ ಎಂದು ತಾನು ಯಾಕೆ ಹೇಳಿದೆ ಎಂಬುದು, ಆಫೀಸಿನಿಂದ ಊರಿಗಾಂನ ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದರೂ, ಗುಮಾಸ್ತ ಕೋದಂಡಪ್ಪನಿಗೆ ತಿಳಿಯಲಿಲ್ಲ. ನಡೆದದ್ದು ಇಷ್ಟೇ. ಚಿನ್ನದ ಗಣಿಯ ಒಳಗಿನ ಕೆಲಸಕ್ಕೆಲ್ಲ ಯಜಮಾನನಾದ ಪೆನ್‌ರೋಸ್ ಸಾಹೇಬ ಕಿಟಕಿಯ ಹತ್ತಿರ ನಿಂತು, ಪೈಪಿನ ತುದಿಯಿಂದ ಕ್ಯಾಸಂಬಳ್ಳಿಯ ಆಚೆಗೆ ತೋರಿಸಿ, "ಕೋದಂಡ, ಅದೋ ಆ ಬೆಟ್ಟ. ಅದರ ಮೇಲೆ ನೀರಿದೆಯೇ?" ಎಂದು ಕೇಳಿದ. ನೀರೇನೋ ಇತ್ತು. ಕೋದಂಡಪ್ಪ ಚಿಕ್ಕಂದಿನಲ್ಲಿ ಮೇಕೆಗಳ ಹಿಂದೆ ಆ ಬೆಟ್ಟ ಹತ್ತಿದ್ದವನು. ನೆತ್ತಿಯಲ್ಲಿ ಬಂಡೆಯೇ ಬಾಯಿ ತೆರೆದ ಹಾಗೆ ಒಂದು ದೊಣೆ, ಅದರಲ್ಲಿ ಬೇಸಗೆಯಲ್ಲೂ ಬತ್ತದ ಕಪ್ಪು ನೀರು. ಅದಕ್ಕೇ ಅದು ದೊಣೆಬೆಟ್ಟ. "ಎಸ್ ಸರ್" ಎಂದ. "ನೀರಲ್ಲಿ ಮೀನು?" ಸಾಹೇಬನ ಮುಖದಲ್ಲಿ, ಗಣಿಯ ಯಾವ ಲೆಕ್ಕ ನೋಡುವಾಗಲೂ ಕಾಣದ ಒಂದು ಆಸೆ ಕಂಡಿತು. ಆ ಆಸೆಗೆ ಇಲ್ಲ ಎನ್ನುವುದು ಹೇಗೆ? "ಎಸ್ ಸರ್" ಎಂದುಬಿಟ್ಟ. ದೊಣೆಯಲ್ಲಿ ಇದ್ದದ್ದು ಕಪ್ಪೆ. ಇಲ್ಲ ಎನ್ನುವ ಮಾತು ದೊಡ್ಡವರ ಎದುರಿಗೆ ಅವನ ಗಂಟಲು ದಾಟಿ ಬಂದದ್ದೇ ಇಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಅರ್ಥವಾಯಿತೇನೋ ಎಂದರೆ ಆಯಿತು ಸಾರ್. ಹೆಣ್ಣು ನೋಡಲು ಹೋದಾಗ, ಹುಡುಗಿ ಒಳಗಿನಿಂದ ಬರುವ ಮೊದಲೇ ಮಾವ ಒಪ್ಪಿಗೆಯಾ ಎಂದು ಕೇಳಿದ್ದಕ್ಕೆ, ಒಪ್ಪಿಗೆ. ಅನಸೂಯಮ್ಮ ಒಳ್ಳೆಯವಳಾಗಿದ್ದದ್ದು ಅವನ ಪುಣ್ಯ. ಮೀನಿನ ವಿಷಯದಲ್ಲಿ ಅಂಥ ಪುಣ್ಯ ಇರಲಿಲ್ಲ.

ಸಾಹೇಬನಿಗೆ ಬೇಕಾಗಿದ್ದದ್ದು ಬೆಟ್ಟ, ಡೇರೆ ಮತ್ತು ಮೀನು, ಮೂರೂ ಒಟ್ಟಿಗೆ. ಅವನ ಊರಿನಲ್ಲಿ ಸಮುದ್ರ ಮನೆಯ ಬಾಗಿಲಿಗೇ ಬರುತ್ತಿತ್ತಂತೆ, ಅಪ್ಪ ದೋಣಿಯವನಂತೆ. ಈ ಸೀಮೆಗೆ ಬಂದ ಮೇಲೆ ರಜೆ ಸಿಕ್ಕಾಗಲೆಲ್ಲ ಗಾಳ ಹಿಡಿದು ಅಲೆದಿದ್ದ. ಬೇತಮಂಗಲದ ಕೆರೆಯಲ್ಲಿ ಮೀನು ಧಾರಾಳವಾಗಿತ್ತು. ಆದರೆ ಆ ನೀರೇ ನಲ್ಲಿಯಲ್ಲಿ ತನ್ನ ಬಂಗಲೆಗೆ ಬರುತ್ತದೆ, ಸ್ನಾನದ ತೊಟ್ಟಿಯಲ್ಲಿ ಗಾಳ ಹಾಕಿದಂತಾಗುತ್ತದೆ ಎಂದು ಅಲ್ಲಿ ಕೂರಲು ಅವನಿಗೆ ಮನಸ್ಸಾಗಲಿಲ್ಲ. ಪಾಲಾರಿನಲ್ಲಿ ಬರೀ ಮರಳು. ಬೌರಿಂಗ್‌ಪೇಟೆಯ ಹತ್ತಿರ ಒಂದು ಕೆರೆಗೆ ಹೋದಾಗ, ಗಾಳಕ್ಕೆ ಎಮ್ಮೆಯ ಬಾಲ ಸಿಕ್ಕಿ, ಎಮ್ಮೆಯ ಒಡತಿ ಸಾಹೇಬನನ್ನು ತೆಲುಗಿನಲ್ಲಿ ಏನೇನೋ ಬೈದಳು. ಅವಳು ಬೈದದ್ದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾದವನು ಕೋದಂಡಪ್ಪನೇ. "ಒಳ್ಳೆಯದಾಗಲಿ ಎನ್ನುತ್ತಿದ್ದಾಳೆ ಸರ್" ಎಂದಿದ್ದ. ಸಾಹೇಬ ಟೋಪಿ ತೆಗೆದು ಅವಳಿಗೆ ವಂದಿಸಿದ್ದ. ಆಗ ಅವಳು ಬಾಯಿ ಮುಚ್ಚಿದ ರೀತಿ ಕೋದಂಡಪ್ಪನಿಗೆ ಈಗಲೂ ಒಮ್ಮೊಮ್ಮೆ ಊಟದ ನಡುವೆ ನೆನಪಾಗುತ್ತದೆ.

ಇಷ್ಟೇ ಆಗಿದ್ದರೆ ನಗೆಯಾಡಿ ಬಿಡಬಹುದಿತ್ತು. ಆದರೆ ಸಾಹೇಬನ ಕೈಯಲ್ಲಿ ಒಂದು ಕೆಲಸವಿತ್ತು. ಗಣಿಯ ಮೇಲೆ, ದೀಪದ ಕೋಣೆಯಲ್ಲಿ, ಕೆಳಗೆ ಇಳಿಯುವವರಿಗೆ ದೀಪ ಕೊಟ್ಟು, ಹತ್ತಿ ಬಂದವರಿಂದ ಇಸಿದುಕೊಳ್ಳುವ ಕೆಲಸ. ಅಲ್ಲಿದ್ದ ಮುದುಕ ಊರಿಗೆ ಹೊರಟುಹೋಗಿದ್ದ. ಆ ಜಾಗ ತನ್ನ ತಮ್ಮ ಮುನಿಶಾಮಿಗೆ ಸಿಗಬೇಕು, ಅಷ್ಟೇ ಕೋದಂಡಪ್ಪನಿಗೆ ಬೇಕಾಗಿದ್ದದ್ದು. ಮುನಿಶಾಮಿ ಪಾತಾಳದಲ್ಲಿ ಬಂಡೆಗೆ ತೂತು ಕೊರೆಯುವವರ ಜೊತೆ, ಕಲ್ಲಿನ ಧೂಳಿನಲ್ಲಿ ಇದ್ದ. ಕೆಮ್ಮುತ್ತಿದ್ದ. ಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ಊಟವಾದ ಮೇಲೆ, ಈಗ ನಕ್ಕರೂ ಕೆಮ್ಮು. ಅದಕ್ಕೇ ಅವನು ನಗುವುದನ್ನು ಕಡಿಮೆ ಮಾಡಿದ್ದ. ಕೆಳಗೆ ಕೆಲಸ ಕೊಡಿಸಿದವನು ಕೋದಂಡಪ್ಪನೇ. ಇವನನ್ನು ಒಳಗೆ ಹಾಕೋಣವೇ ಎಂದು ಅಂದಿನ ಸಾಹೇಬ ಕೇಳಿದ್ದ, ಎಸ್ ಸರ್ ಎಂದಿದ್ದ. ಪಂಜರದ ಹಾಗಿದ್ದ ಆ ತೊಟ್ಟಿಲಿನಲ್ಲಿ ನಿಂತು ತಮ್ಮ ಮೊದಲ ಸಲ ಕೆಳಗಿಳಿಯುವಾಗ ಮೇಲೆ ನೋಡಿ ಹಲ್ಲು ಬಿಟ್ಟಿದ್ದ, ಜಾತ್ರೆಯಲ್ಲಿ ಉಯ್ಯಾಲೆ ಹತ್ತಿದವನಂತೆ. ಕೋದಂಡಪ್ಪ ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಾ ಬೇರೆ ಕಡೆ ನೋಡಿದ್ದ. ತಮ್ಮನನ್ನು ಮೇಲಕ್ಕೆ ತರಬೇಕು. ಅದನ್ನು ಸಾಹೇಬನನ್ನು ಕೇಳಬೇಕು. ಕೇಳಬೇಕಾದರೆ ಸಾಹೇಬ ಸಂತೋಷವಾಗಿರಬೇಕು. ಸಾಹೇಬ ಸಂತೋಷವಾಗಿರಬೇಕಾದರೆ ಬೆಟ್ಟದ ಮೇಲೆ ಮೀನು ಇರಬೇಕು. ಎಲ್ಲಿಯೂ ತಪ್ಪು ಕಾಣದ ಈ ಲೆಕ್ಕವನ್ನು ಕೋದಂಡಪ್ಪ ಹಾಸಿಗೆಯ ಮೇಲೆ ಕೂತು ಮತ್ತೆ ಮತ್ತೆ ಮಾಡಿದ.

"ಬೆಟ್ಟದ್ ಮ್ಯಾಕೆ ಮೀನಾ?" ಮುನಿಶಾಮಿ ಅಣ್ಣನ ಮುಖವನ್ನೇ ನೋಡಿದ. "ಎಂಗಣ್ಣ ಓದ್ವು?"

"ಓಗಿಲ್ಲ ಕಣ್ಲಾ. ನಾವೇ ಒಯ್ಬೇಕು."

"ಸಾಯೇಬ್ರಿಗೆ ಇಲ್ಲ ಅಂದ್ಬುಡಣ್ಣ. ಏನ್ ಗಲ್ಲಿಗೆ ಆಕ್ತಾರಾ?"

"ಅಂಗೆಲ್ಲ ಏಳಕಾಗಲ್ಲ. ನಿಂಗೊತ್ತಾಗಲ್ಲ ಬಿಡು."

ದೀಪದ ಕೋಣೆಯ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾನೆ, ಅಥವಾ ಆಸೆ ಇಟ್ಟುಕೊಳ್ಳುತ್ತಾನೆ, ಎರಡೂ ಕಷ್ಟ. ಮುನಿಶಾಮಿ ಇನ್ನೇನೂ ಕೇಳದೆ, ಕೆಮ್ಮಿ ಮುಗಿಸಿ, "ಕೊರಮೀನಾದ್ರೆ ಬಿಂದ್ಗೇಲೂ ಬದುಕ್ತವೆ" ಎಂದ. ಕೋದಂಡಪ್ಪನಿಗೆ ಮೀನಿನ ಬಗ್ಗೆ ಗೊತ್ತಿದ್ದದ್ದು ಅದು ಸಾರಿನಲ್ಲಿ ಹೇಗಿರುತ್ತದೆ ಎಂಬುದು ಮಾತ್ರ.

ಬೇತಮಂಗಲದಲ್ಲಿ ಬಲೆಯವರಿಂದ ಜೀವಂತ ಮೀನು ಕೊಂಡು, ಬಾಯಗಲದ ಎರಡು ಮಡಕೆಗಳಲ್ಲಿ ಬಿಟ್ಟು, ಎತ್ತಿನ ಗಾಡಿಯಲ್ಲಿ ಬೆಟ್ಟದ ಬುಡಕ್ಕೆ ತಂದದ್ದು ಗುರುವಾರ. ಅಂದು ಮುನಿಶಾಮಿಗೆ ರಾತ್ರಿ ಪಾಳಿ ಮುಗಿದಿತ್ತು, ನಿದ್ದೆ ಮಾಡದೆ ಬಂದಿದ್ದ. ಗಾಡಿಯಲ್ಲಿ ಮಡಕೆಗಳು ತುಳುಕುತ್ತಿದ್ದವು. ಮುಚ್ಚಲು ಏನಾದರೂ ಬೇಕೆಂದು ಕೋದಂಡಪ್ಪ ದಾರಿಯ ಪಕ್ಕದಲ್ಲಿದ್ದ ಮರದಿಂದ ಕೈಗೆ ಸಿಕ್ಕಿದ ಸೊಪ್ಪು ಮುರಿದು ಬಾಯಿಗೆ ತುರುಕಿದ. ಅದು ಬೇವಿನ ಮರ. ನೀರು ಬಿಸಿಯಾಗದಿರಲಿ ಎಂದು ಸುತ್ತಿದ ಬಟ್ಟೆ ಅನಸೂಯಮ್ಮನ ಹಳೆಯ ಹಳದಿ ಸೀರೆಯ ತುಂಡು. ಬಂಡೆ ಜಾರುತ್ತದೆ ಎಂದು ಇಬ್ಬರೂ ಕೆರ ಬಿಟ್ಟು ಬರಿಗಾಲಲ್ಲಿ ಹತ್ತಿದರು. ತಲೆಯ ಮೇಲೆ ಮಡಕೆ, ಏದುಸಿರಿಗೆ ಮಾತು ಹೊರಡದೆ ಬಾಯಿ ಬಿಗಿದಿತ್ತು, ಕಣ್ಣು ಕಾಲಿನ ಮೇಲೆ. ದೇವರಿಗೆ ಹೊತ್ತು ನಡೆಯುವವರು ಇರುವುದೂ ಹೀಗೆಯೇ ಎಂಬುದು ಕೋದಂಡಪ್ಪನಿಗೆ ಹೊಳೆಯಲಿಲ್ಲ. ಹೊಳೆಯಲು ಅವನ ತಲೆಯಲ್ಲಿ ಜಾಗವಿರಲಿಲ್ಲ, ಹಿಂದಿನಿಂದ ಬರುತ್ತಿದ್ದ ಮುನಿಶಾಮಿಯ ಉಸಿರು ಅದನ್ನು ತುಂಬಿಕೊಂಡಿತ್ತು. ಆ ಉಸಿರಿನಲ್ಲಿ ಒಂದು ಸಣ್ಣ ಸಿಳ್ಳೆ ಇತ್ತು. ನಿಲ್ಲೋಣವಾ ಎಂದು ಕೇಳಬೇಕು ಎನಿಸಿತು. ನಿಂತರೆ ಮೀನು ಸಾಯುತ್ತವೆ ಎಂದೂ ಎನಿಸಿತು. ಕೇಳಲಿಲ್ಲ.

ಅರ್ಧ ಬೆಟ್ಟದಲ್ಲಿ ಸೌದೆ ಆರಿಸುತ್ತಿದ್ದ ಚಿಕ್ಕವೆಂಕಟಮ್ಮ ಎಂಬ ಹೆಂಗಸು ಇವರನ್ನು ನೋಡಿದ್ದೇ ಸೌದೆ ಕೆಳಗಿಟ್ಟು, ಸೆರಗು ಹೊದ್ದು, ದಾರಿ ಬಿಟ್ಟು ನಿಂತಳು.

"ದ್ಯಾವ್ರಿಗಾ ಸಾಮಿ?" ಎಂದಳು.

ಕೋದಂಡಪ್ಪನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಊಂ" ಎಂದ.

"ಒಳಗೇನೈತೆ ಸಾಮಿ?"

ಮಡಕೆಯೊಳಗೆ ಮೀನೊಂದು ಬಾಲ ಬಡಿದು, ಬೇವಿನ ಸೊಪ್ಪಿನ ನಡುವಿನಿಂದ ನೀರು ಹಾರಿ ಅವಳ ಹಣೆಗೆ ಬಿತ್ತು. ಚಿಕ್ಕವೆಂಕಟಮ್ಮ ಅದನ್ನು ಒರೆಸಿಕೊಳ್ಳಲಿಲ್ಲ. ಸೌದೆಯನ್ನು ಅಲ್ಲೇ ಬಿಟ್ಟು ಹಿಂದೆಯೇ ನಡೆದು ಬಂದಳು. ಮೀನುಗಳನ್ನು ದೊಣೆಗೆ ಬಿಟ್ಟಾಗ ಅವು ಒಂದು ಗಳಿಗೆ ದಿಕ್ಕು ತೋಚದೆ ನಿಂತು, ಆಮೇಲೆ ಕಪ್ಪು ನೀರಿನಲ್ಲಿ ಇಳಿದು ಮರೆಯಾದವು. ಮುನಿಶಾಮಿ ಬಂಡೆಗೆ ಎರಡೂ ಕೈ ಊರಿ, ತಲೆ ತಗ್ಗಿಸಿ, ಬಹಳ ಹೊತ್ತು ಹಾಗೇ ಇದ್ದ. ಚಿಕ್ಕವೆಂಕಟಮ್ಮ ಅದನ್ನು ನಮಸ್ಕಾರವೆಂದುಕೊಂಡು ತಾನೂ ಅಡ್ಡಬಿದ್ದಳು.

ಮುಂದಿನ ವಾರದ ಶನಿವಾರ ಸಾಹೇಬ ಡೇರೆ ಹಾಕುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಕೋದಂಡಪ್ಪ ಕಚೇರಿಯಲ್ಲಿ ಕೂತು ಮೀನಿನ ವಿಷಯ ಬಿಟ್ಟು ಬೇರೆಲ್ಲ ಬರೆದ, ಮೀನಿನ ವಿಷಯ ಬಿಟ್ಟು ಬೇರೇನೂ ಯೋಚಿಸಲಿಲ್ಲ. ಮೀನುಗಳಿಗೆ ಅಲ್ಲಿ ಊಟವೇನು? ಕಪ್ಪೆ ತಿನ್ನುತ್ತವೆಯೇ, ಕಪ್ಪೆಯೇ ಅವನ್ನು ತಿನ್ನುತ್ತದೆಯೇ? ಹದ್ದು ಹೊತ್ತೊಯ್ದರೆ? ಈ ಚಿಂತೆಗೆ ಉತ್ತರ ಮನೆಯಲ್ಲೇ ಸಿಕ್ಕಿತು. ಅನ್ನ ಬಡಿಸುತ್ತಾ ಅನಸೂಯಮ್ಮ, "ದೊಣೆಬೆಟ್ಟದಾಗೆ ದೇವ್ರ ಮೀನು ಕಾಣಿಸ್ಕೊಂಡವಂತೆ ಕಣ್ರೀ. ಕಡ್ಲೆಪುರಿ ಆಕಿದ್ರೆ ಮ್ಯಾಕ್ ಬಂದು ತಿಂತವಂತೆ. ನೆನೆಸ್ಕಂಡಿದ್ದು ಆಯ್ತದಂತೆ. ಒಂದ್ ದಪ ಓಗ್‌ಬರಾಣ್ವಾ?" ಎಂದಳು. ಕೋದಂಡಪ್ಪನ ತುತ್ತು ಕೈಯಲ್ಲೇ ಉಳಿಯಿತು. ಅವು ನಾನು ಬಿಟ್ಟ ಮೀನು ಎನ್ನಬೇಕೆಂದು ಬಾಯಿ ತೆರೆದ. ಯಾಕೆ ಬಿಟ್ಟಿರಿ ಎನ್ನುತ್ತಾಳೆ. ಸಾಹೇಬನಿಗೆ ಎನ್ನಬೇಕು. ಸಾಹೇಬ ಅವನ್ನು ಏನು ಮಾಡುತ್ತಾನೆ ಎನ್ನುತ್ತಾಳೆ. "ಓಗಾಣ" ಎಂದ. ಅನಸೂಯಮ್ಮ ತುಪ್ಪ ಇನ್ನೊಂದು ಚಮಚ ಜಾಸ್ತಿ ಹಾಕಿದಳು. ಅದನ್ನು ತಿನ್ನುವಾಗ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಯಿತು. ಅಂದು ಮಾಡಿದ್ದದ್ದು ಅವರೆಕಾಳಿನ ಸಾರು.

ಶನಿವಾರ ಸಾಹೇಬನ ಡೇರೆ, ಮಡಿಸುವ ಕುರ್ಚಿ, ಗಾಳದ ಕೋಲುಗಳು, ಅಡುಗೆಯ ಆರುಮುಗಂ, ಎಲ್ಲವೂ ಬೆಟ್ಟ ಹತ್ತಿದವು. ಮೇಲೆ ಹೋಗಿ ನೋಡಿದರೆ ದೊಣೆಯ ಸುತ್ತ ಜನ. ಬಂಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಹೊಡೆದಿದ್ದರು. ಒಂದು ಮೂಲೆಯಲ್ಲಿ ಪುರಿ ಮಾರುವವಳು ಕೂತಿದ್ದಳು. ಬುಡದ ಹಳ್ಳಿಯ ಬಚ್ಚಪ್ಪ ಎಂಬುವನು ಪೂಜಾರಿಯಾಗಿದ್ದ. ಹಿಂದಿನ ವಾರದವರೆಗೆ ಅವನು ಏನಾಗಿದ್ದನೋ ಕೋದಂಡಪ್ಪನಿಗೆ ತಿಳಿಯದು, ಕೈಗಳನ್ನು ನೋಡಿದರೆ ಇಟ್ಟಿಗೆ ಸುಡುವವನಂತಿತ್ತು. ಆರುಮುಗಂ ತಲೆಯ ಮೇಲಿನ ಪಾತ್ರೆಗಂಟು ಇಳಿಸಿ, "ಎನ್ನಾ ಸಾರ್ ಇದು, ಕೋವಿಲ್, ದೇವಸ್ಥಾನ ಆಗೋಯ್ತಲ್ಲ" ಎಂದು ನಕ್ಕ. ಗಾಳದ ಕೋಲು ಕಂಡದ್ದೇ ಜನ ದೊಣೆಗೆ ಅಡ್ಡ ನಿಂತರು. ಯಾರೂ ಕೂಗಾಡಲಿಲ್ಲ. ಸುಮ್ಮನೆ ಭುಜಕ್ಕೆ ಭುಜ ತಾಗಿಸಿ ನಿಂತರು. ಎದುರಿಗೇ ಚಿಕ್ಕವೆಂಕಟಮ್ಮ. ಅವಳು ಕೋದಂಡಪ್ಪನನ್ನು ನೋಡಿದಳು, ನೋಡಿಯೂ ಗುರುತಿಸಲಿಲ್ಲ. ಇವತ್ತು ಅವನು ಕೋಟು ಹಾಕಿದ್ದ, ಕಾಲಲ್ಲಿ ಬೂಟಿತ್ತು.

"ಈ ಮೀನುಗಳು ಎಷ್ಟು ಕಾಲದಿಂದ ಇವೆ, ಕೇಳು" ಎಂದ ಸಾಹೇಬ.

ಕೋದಂಡಪ್ಪ ಕೇಳಿದ.

"ನಮ್ ತಾತನ್ ಕಾಲ್ದಿಂದ್ಲೂ ಅವೆ ಬುದ್ಧಿ" ಎಂದ ಬಚ್ಚಪ್ಪ. ಹೇಳುವಾಗ ರೆಪ್ಪೆ ಕೂಡ ಅಲುಗಲಿಲ್ಲ. ಸುತ್ತಲಿದ್ದವರು ತಲೆದೂಗಿದರು. ಒಬ್ಬ ಮುದುಕ, ತಾನು ಚಿಕ್ಕವನಾಗಿದ್ದಾಗ ಇವುಗಳ ಮೂಗಿನಲ್ಲಿ ಬಂಗಾರದ ನತ್ತು ಇತ್ತು, ಗಣಿ ತೋಡಿದ ಮೇಲೆ ಅದು ಮಾಯವಾಯಿತು ಎಂದ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಕೋದಂಡಪ್ಪನಿಗೆ ಭಯ ತಂದಿತು. ಸುಳ್ಳು ಹೇಳುವವರ ಮುಖ ಹೇಗಿರುತ್ತದೆ ಎಂದು ಅವನು ದಿನವೂ ಕನ್ನಡಿಯಲ್ಲಿ ನೋಡುತ್ತಿದ್ದ. ಈ ಮುಖಗಳು ಹಾಗಿರಲಿಲ್ಲ. ಈಗ ತಾನು ಮುಂದೆ ಬಂದು, ಇವು ಹೋದ ವಾರದ ಗುರುವಾರ ಬೇತಮಂಗಲದಿಂದ ಬಂದವು ಎಂದರೆ, ಹುಚ್ಚ ಎನ್ನುತ್ತಾರೆ. ಅವರು ಹಾಗೆ ಅಂದರೆ ತನಗೂ ಹೌದೆನಿಸಬಹುದು. ಸಾಹೇಬನಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ, ನತ್ತನ್ನೂ ಸೇರಿಸಿ. ಸಾಹೇಬ ಗಂಭೀರವಾಗಿ ಕೇಳಿ, ಕೋಲುಗಳನ್ನು ಚೀಲಕ್ಕೆ ಹಾಕಿಸಿ, ಸ್ವಲ್ಪ ದೂರದ ಚಪ್ಪಟೆ ಬಂಡೆಯ ಮೇಲೆ ಡೇರೆ ಹಾಕಿಸಿದ. ಸಂಜೆಯವರೆಗೂ ಕುರ್ಚಿಯಲ್ಲಿ ಕೂತು, ಮಂದಿ ಪುರಿ ಎರಚುವುದನ್ನೂ ಮೀನು ಬಾಯಿ ತೆರೆಯುವುದನ್ನೂ ನೋಡಿದ. ಒಂದು ಸಲ ತಾನೂ ಪುರಿ ಕೊಂಡು ಎರಚಿದ. ಮೀನು ಮೇಲೆ ಬಂದಾಗ ಅವನ ಬಲಗೈ ತಾನಾಗಿಯೇ ಗಾಳ ಎಳೆದಂತೆ ಮೇಲೆದ್ದು ಇಳಿಯಿತು.

ಬೆಳಗಿನ ಜಾವ, ಜನ ಇನ್ನೂ ಬೆಟ್ಟ ಹತ್ತದೆ ಇದ್ದಾಗ, ಸಾಹೇಬ ಕೋದಂಡಪ್ಪನ ಭುಜ ಅಲುಗಿಸಿ ಎಬ್ಬಿಸಿದ. ಕೈಯಲ್ಲಿ ಕೋಲಿತ್ತು. "ಒಂದೇ ಒಂದು" ಎಂದ, ಅಂಗಡಿಯ ಮುಂದೆ ನಿಂತ ಮಗುವಿನಂತೆ. "ಕೈಯಲ್ಲಿ ಹಿಡಿದು ನೋಡಿ ಬಿಟ್ಟುಬಿಡುತ್ತೇನೆ. ದೇವರಿಗೂ ಗೊತ್ತಾಗುವುದಿಲ್ಲ. ಈ ಬೆಟ್ಟ ತೋರಿಸಿದವನು ನೀನು ಕೋದಂಡ, ನಿನಗೆ ಏನು ಬೇಕೋ ಕೆಳಗಿಳಿಯುವ ಮೊದಲು ಕೇಳು." ದೀಪದ ಕೋಣೆ ಕೋದಂಡಪ್ಪನ ಕಣ್ಣೆದುರಿಗೇ ಬಂತು, ಅದರ ಕಟ್ಟೆಯ ಹಿಂದೆ ಬಿಳಿ ಅಂಗಿ ತೊಟ್ಟ ಮುನಿಶಾಮಿ. ಈಗಲೇ ಕೇಳಬಹುದಿತ್ತು. ಮೀನು ಸಿಗಲಿ, ಆಮೇಲೆ ಎಂದುಕೊಂಡ. ಕೆಲಸ ಕೇಳುವುದಕ್ಕೂ ಒಂದು ಸಮಯವಿರುತ್ತದೆ ಎಂದು ಅವನು ಜೀವಮಾನವೆಲ್ಲ ಆ ಸಮಯಕ್ಕೇ ಕಾಯುತ್ತಾ ಬಂದವನು.

ದೊಣೆಯ ಹತ್ತಿರ ಆಗಲೇ ಒಬ್ಬ ಕೂತಿದ್ದ. ಮೊಣಕಾಲು ತಬ್ಬಿಕೊಂಡು, ಮಡಿಲಲ್ಲಿ ಪುರಿಯ ಗಂಟು ಇಟ್ಟುಕೊಂಡು. ಮುನಿಶಾಮಿ. ಭಾನುವಾರದ ರಜೆಗೆ ಕತ್ತಲಲ್ಲೇ ಹೊರಟು ಒಬ್ಬನೇ ಹತ್ತಿ ಬಂದಿದ್ದ. ಅಣ್ಣನನ್ನು ಕಂಡು ಏಳಲು ಹೋದ, ಸಾಹೇಬನನ್ನು ಕಂಡು ಹಾಗೇ ಕೂತ. ಕೋದಂಡಪ್ಪ ಅವನನ್ನು ನೋಡಿ ಕಣ್ಣಲ್ಲೇ ಸುಮ್ಮನಿರು ಎಂದ. ಎಂಥ ಮೂರ್ಖ! ತನ್ನ ತಲೆಯ ಮೇಲೆ ತಾನೇ ಹೊತ್ತು ತಂದ ಮೀನಿಗೆ ತಾನೇ ಪುರಿ ತಂದಿದ್ದಾನೆ. ಸಾಹೇಬ ಗಾಳ ಬೀಸಿದ. ಪುರಿ ತಿಂದು ಸಲಿಗೆಯಾಗಿದ್ದ ಮೀನಿಗೆ ಅನುಮಾನವೇನಿರುತ್ತದೆ, ಬಂದು ಕಚ್ಚಿತು. ದಾರ ಬಿಗಿದು ಕೋಲು ಬಾಗಿತು. ಸಾಹೇಬನ ಬಾಯಿಂದ ಒಂದು ಕೂಗು ಹೊರಟಿತು, ಅವನ ಅಪ್ಪನ ದೋಣಿಯ ಕೂಗಿರಬೇಕು, ಇಂಗ್ಲಿಷೂ ಅಲ್ಲದ ಭಾಷೆ. ಮೀನು ದೊಣೆಯೊಳಗಿನ ಬಂಡೆಯ ಸಂದಿಗೆ ನುಗ್ಗಿತು. ಆ ಹೊತ್ತಿಗೆ ಮುನಿಶಾಮಿ ಎದ್ದು, ಅಂಗಿಯನ್ನೂ ಬಿಚ್ಚದೆ, ನೀರಿಗೆ ಹಾರಿದ.

ನೀರು ಮುಚ್ಚಿಕೊಂಡಿತು. ದಾರ ಒಂದೆರಡು ಸಲ ಅದುರಿ ಸಡಿಲವಾಯಿತು. ಹಲ್ಲಿನಲ್ಲಿ ಕಚ್ಚಿ ಕಡಿದಿದ್ದ ತುದಿ ತೇಲಿಕೊಂಡು ಮೇಲೆ ಬಂತು. ಮುನಿಶಾಮಿ ಬರಲಿಲ್ಲ. ಹಾರಬೇಕು, ಈಗ ಹಾರಬೇಕು ಎಂದು ಕೋದಂಡಪ್ಪನ ಕಾಲಿನ ಬೆರಳುಗಳು ಬೂಟಿನೊಳಗೆ ಮಡಿಚಿಕೊಂಡವು. ಆದರೆ ಸಾಹೇಬ ಪಕ್ಕದಲ್ಲಿ ನಿಂತು ಗಡಿಯಾರ ತೆಗೆದು ನೋಡುತ್ತಿದ್ದ, ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಬೆರಗಿತ್ತು. ಸಾಹೇಬ ಗಡಿಯಾರ ನೋಡುತ್ತಿರುವಾಗ ನಡುವೆ ನೀರಿಗೆ ಹಾರುವುದು ಮರ್ಯಾದೆಯಲ್ಲ ಎಂಬಂಥ ಯಾವುದೋ ಒಂದು ಯೋಚನೆ, ಅದು ಯೋಚನೆಯೇ ಆಗಿದ್ದರೆ, ಅವನನ್ನು ಬಂಡೆಗೆ ಅಂಟಿಸಿ ನಿಲ್ಲಿಸಿತು. ಕಡೆಗೆ ದೊಣೆಯ ಆಚೆ ಬದಿಯಲ್ಲಿ ಒಂದು ಕೈ ಕಾಣಿಸಿತು, ಆಮೇಲೆ ತಲೆ. ಮುನಿಶಾಮಿ ಬಂಡೆ ತಬ್ಬಿ ಮೇಲೆ ಬಂದು, ಯಾರನ್ನೂ ನೋಡದೆ, ನಾಲ್ಕು ಕಾಲಿನಲ್ಲಿ ತೆವಳಿ ಒಂದು ಕಲ್ಲಿನ ಮರೆಗೆ ಹೋದ.

"ಅದ್ಭುತ!" ಎಂದ ಸಾಹೇಬ. ಕೈತಪ್ಪಿದ ಮೀನು ಅವನಿಗೆ ಮರೆತೇ ಹೋಗಿತ್ತು. "ಎಂಥ ಎದೆ! ಇಷ್ಟು ಹೊತ್ತು ಉಸಿರು ಕಟ್ಟುವವನನ್ನು ನಾನು ನಮ್ಮ ಊರಿನ ಸಮುದ್ರದಲ್ಲೂ ಕಂಡಿಲ್ಲ. ಯಾರು ಅವನು?"

ಅವನು ನನ್ನ ತಮ್ಮ ಎಂಬ ಮಾತು ನಾಲಿಗೆಯ ಮೇಲೆಯೇ ಇತ್ತು. ಸಾಹೇಬನ ದಾರ ಕಡಿದವನು ನನ್ನ ತಮ್ಮ ಎಂದು ಹೇಳಿ, ಅವನಿಗೇ ಕೆಲಸ ಕೊಡಿ ಎಂದು ಹೇಗೆ ಕೇಳುವುದು?

"ಯಾರೋ ಹಳ್ಳಿಯವನು ಸರ್."

"ಇಂಥವನು ಬೆಟ್ಟದಲ್ಲಿ ಪುರಿ ಎರಚುತ್ತಾ ಕೂತಿದ್ದಾನೆ, ನನ್ನ ಕೆಳಗಿನ ಸುರಂಗದಲ್ಲಿ ಗಾಳಿ ಸಾಲದೆ ಒಳ್ಳೊಳ್ಳೆಯ ಆಳುಗಳು ಬೀಳುತ್ತಾರೆ. ನಾಳೆ ಅವನನ್ನು ಕರೆದುಕೊಂಡು ಬಾ. ಎಲ್ಲಕ್ಕಿಂತ ಕೆಳಗೆ ಹಾಕುತ್ತೇನೆ."

"ಎಸ್ ಸರ್" ಎಂದ ಕೋದಂಡಪ್ಪ. ಸಾಹೇಬ ಚಹಾ ಕುಡಿಯಲು ಡೇರೆಯ ಕಡೆ ಶಿಳ್ಳೆ ಹಾಕುತ್ತಾ ನಡೆದ.

ಕಲ್ಲಿನ ಹಿಂದೆ ಮುನಿಶಾಮಿ ಮಲಗಿದ್ದ. ತುಟಿ ನೀಲಿಯಾಗಿತ್ತು. ಒಂದೊಂದು ಉಸಿರನ್ನೂ ಆಳವಾದ ಬಾವಿಯಿಂದ ನೀರು ಸೇದುವವನ ಹಾಗೆ ಎಳೆದುಕೊಳ್ಳುತ್ತಿದ್ದ. ಕೋದಂಡಪ್ಪನಿಗೆ ಬಂದದ್ದು ಸಿಟ್ಟು. ಜೀವಮಾನದ ಎಲ್ಲ ಸಿಟ್ಟೂ ಒಟ್ಟಿಗೆ, ಈ ಒಬ್ಬನ ಮೇಲೆ, ಬೇರೆ ಯಾರ ಮೇಲೂ ಅದನ್ನು ಖರ್ಚು ಮಾಡಿರಲಿಲ್ಲವಾದ್ದರಿಂದ. ಕೆನ್ನೆಗೆ ಒಂದು ಹೊಡೆದೇಬಿಟ್ಟ.

"ಲೇ, ನೀನೇ ಒತ್ಕೊಂಡ್ ಬಂದಿದ್ದಲ್ಲೇನ್ಲಾ ಆ ಮೀನ್ನ! ದ್ಯಾವ್ರಂತೆ ದ್ಯಾವ್ರು!"

"ಊಂ ಕಣಣ್ಣ. ನಾನೇ ಒತ್ಕೊಂಡ್ ಬಂದಿದ್ದು." ಮುನಿಶಾಮಿ ಉಸಿರಿಗೆ ನಿಂತ. "ಅದ್ಕೇ... ನನ್ ಮಾತು ಕೇಳ್ತವೇನೋ ಅಂತ."

"ಅಷ್ಟೊತ್ತು ಯಾಕ್ಲಾ ಒಳಗಿದ್ದೆ?"

"ಬರಾಕಾಗ್ಲಿಲ್ಲ. ಮ್ಯಾಕ್ ಬರಾಕೆ... ಉಸ್ರೇ ಇರ್ಲಿಲ್ಲ."

ಕೋದಂಡಪ್ಪ ಕೂತುಬಿಟ್ಟ. ಬಂಡೆ ತಣ್ಣಗಿತ್ತು. ದೂರದಲ್ಲಿ ಗಣಿಯ ಗೋಪುರಗಳು ಮಂಜಿನಲ್ಲಿ ಒಂದೊಂದಾಗಿ ಕಾಣತೊಡಗಿದ್ದವು. "ಕೆಮ್ ಓಗ್ಲಿ ಅಂತ ಬೇಡ್ಕೊಂಡ್ಯಾ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

ಮುನಿಶಾಮಿ ಇಲ್ಲ ಎಂದು ತಲೆಯಾಡಿಸಿದ. ಎಷ್ಟು ಸಲೀಸಾಗಿ ಆಡಿಸಿದ! "ಸಾಯೇಬ್ರಿಗೆ ಸುಳ್ಳೇಳಿ ಸಿಕ್ಕಾಕ್ಕೊಂಡಿದ್ದೀಯಲ್ಲಣ್ಣ. ನಿನ್ ಕೆಲ್ಸ ಓಗ್ದಿರ್ಲಿ ಅಂತ ಅರಕೆ ಕಟ್ಕಂಡಿದ್ದೆ. ಮೀನ್ ಸತ್ರೆ ಅರಕೆ ಎಂಗ್ ನಿಲ್ತದೆ?"

ಆಮೇಲೆ ಕೋದಂಡಪ್ಪ ಏನು ಯೋಚಿಸಿದ ಎಂದರೆ, ಏನೂ ಯೋಚಿಸಲಿಲ್ಲ. ಬೂಟು ಕಿತ್ತೆಸೆದ, ತಮ್ಮನನ್ನು ಬೆನ್ನಿಗೆ ಹಾಕಿಕೊಂಡ. ಅವನು ಇಷ್ಟು ಹಗುರ ಆಗಿದ್ದು ಯಾವಾಗ? ಒದ್ದೆ ಅಂಗಿಯಿಂದ ನೀರು ಇಳಿದು ಕೋಟು ನೆನೆಯಿತು. ಆಗ ತಾನೇ ಹತ್ತಿ ಬರುತ್ತಿದ್ದ ಜನ ದಾರಿ ಬಿಟ್ಟು ಕೈಮುಗಿದರು. ಚಿಕ್ಕವೆಂಕಟಮ್ಮ, ಬರಿಗಾಲಿನಲ್ಲಿ ಏದುಸಿರು ಬಿಡುತ್ತಾ ಭಾರ ಹೊತ್ತು ಬರುತ್ತಿದ್ದ ಅವನನ್ನು ಈಗ ಗುರುತು ಹಿಡಿದು, ಇದು ಯಾವ ಸೇವೆ ಸಾಮಿ ಎಂದಳು. ಸೇವೆ ಅಲ್ಲ, ನನ್ನ ತಮ್ಮ ಎಂದ ಕೋದಂಡಪ್ಪ. ಅವಳು ತಮ್ಮಂದಿರ ಸೇವೆ ಎಂದುಕೊಂಡು ಮುನಿಶಾಮಿಯ ಜೋಲುವ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಡೇರೆಯ ಮುಂದೆ ಸಾಹೇಬ ಮೊಟ್ಟೆಯ ಮೇಲೆ ಮೆಣಸಿನಪುಡಿ ಉದುರಿಸುತ್ತಿದ್ದ. ಕೋದಂಡಪ್ಪ ತಮ್ಮನನ್ನು ಅವನ ಬೂಟುಗಳ ಹತ್ತಿರ ಬಂಡೆಯ ಮೇಲೆ ಮಲಗಿಸಿದ.

"ಓಹೋ, ಇವತ್ತೇ ಕರೆತಂದೆಯಾ? ಕೆಲಸಕ್ಕೆ ಒಪ್ಪಿದನೇ?"

"ನೋ ಸರ್" ಎಂದ ಕೋದಂಡಪ್ಪ. ದನಿ ತನ್ನದೆನಿಸಲಿಲ್ಲ. ಆರುಮುಗಂ ಕೈಯಲ್ಲಿದ್ದ ಚಹಾದ ಪಾತ್ರೆ ಹಾಗೇ ನಿಂತಿತು. "ಇವನು ಹಳ್ಳಿಯವನಲ್ಲ ಸರ್. ನನ್ನ ತಮ್ಮ. ಈಗಾಗಲೇ ನಿಮ್ಮ ಗಣಿಯಲ್ಲಿ ಎಲ್ಲಕ್ಕಿಂತ ಕೆಳಗೇ ಇದ್ದಾನೆ. ಬೆಟ್ಟದಲ್ಲಿ ಮೀನು ಇರಲಿಲ್ಲ ಸರ್. ನಾವು ತಂದು ಬಿಟ್ಟೆವು."

ಸಾಹೇಬ ಅವನನ್ನೂ ಮಲಗಿದ್ದವನನ್ನೂ ನೋಡಿದ. ಮೀನಿನ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ. "ಇವನಿಗೆ ಏನಾಗಿದೆ?" ಎಂದು ಬಗ್ಗಿ, ಟೋಪಿ ತೆಗೆದು, ಒದ್ದೆ ಅಂಗಿಯ ಮೇಲೆ ಕಿವಿಯಿಟ್ಟ. ಒಳಗಿನ ಸಿಳ್ಳೆ ಕೋದಂಡಪ್ಪನಿಗೆ ನಿಂತಲ್ಲಿಗೇ ಕೇಳುತ್ತಿತ್ತು.

"ನೀರು ತುಂಬಿಕೊಂಡಿದೆ" ಎಂದ ಸಾಹೇಬ. "ಬೋರಲು ಮಲಗಿಸಿ ಬೆನ್ನು ಒತ್ತಿದರೆ ಬರುತ್ತದೆ."

"ನೋ ಸರ್. ಅದು ಬರುವುದಿಲ್ಲ. ನೀರಲ್ಲ ಅದು, ಕಲ್ಲು. ನಮ್ಮ ಗಣಿಯ ಕಲ್ಲು."

ಸಾಹೇಬ ಕಿವಿ ತೆಗೆಯಲಿಲ್ಲ, ಅಲ್ಲೇ ಬಗ್ಗಿಕೊಂಡು ಕೇಳುತ್ತಾ ಇದ್ದ.